ಮಡಿಲಿನ ಯಂತ್ರ, ಮೇಜಿನ ಯಂತ್ರ

ಪದವಿ ತರಗತಿಗೆ ಸೇರಿದವರಿಗೆ ಒಂದು ಗಣಕಯಂತ್ರವಿರಬೇಕೆಂಬುದು ಈಗ ಹೊಸ ಮಾತಲ್ಲ. ಅದು ವಿಜ್ಞಾನದವರಿಗೆ ಸೇರಿದ ಸಾಮಗ್ರಿಯೆಂದು ಕಲಾವಿಭಾಗದವರು ಸುಮ್ಮನಿರುತ್ತಿದ್ದ ಕಾಲವೂ ಒಂದಿತ್ತು. ಆ ಕಾಲ ಕಳೆಯಿತು. ಪ್ರವೇಶದ ಅರ್ಜಿಯಿಂದ ಹಿಡಿದು ಪರೀಕ್ಷೆಯ ಶುಲ್ಕದವರೆಗೆ ಎಲ್ಲವೂ ಯು.ಯು.ಸಿ.ಎಂ.ಎಸ್. ಎಂಬ ಜಾಲವ್ಯವಸ್ಥೆಯೊಳಗೆ ಸೇರಿಹೋಗಿದೆ. ಸೆಮಿನಾರಿನಲ್ಲಿ ಮಾತನಾಡುವವರ ಬೆನ್ನ ಹಿಂದೆ ಪರದೆಯ ಮೇಲೆ ಏನಾದರೂ ಮೂಡದಿದ್ದರೆ ಮಾತು ಅರ್ಧವೆಂದೇ ಕೇಳುವವರ ಭಾವನೆ. ಕೊನೆಯ ವರ್ಷದ ಪ್ರಾಜೆಕ್ಟ್ ವರದಿಯನ್ನು ಕೈಬರಹದಲ್ಲಿ ಒಪ್ಪಿಸುವೆನೆಂದರೆ ನಮ್ಮ ಅಧ್ಯಾಪಕರೇನೋ ದಯೆಯಿಂದ ಸ್ವೀಕರಿಸಿಯಾರು. ಬೈಂಡಿಂಗ್ ಅಂಗಡಿಯವನು ಮಾತ್ರ ನಕ್ಕುಬಿಡುತ್ತಾನೆ. ಆದುದರಿಂದ ಯಂತ್ರ ಬೇಕೆ ಬೇಡವೆ ಎಂಬ ಚರ್ಚೆಯನ್ನು ಬದಿಗಿಟ್ಟು, ಮಡಿಲಿನ ಮೇಲಿಡುವ ಲ್ಯಾಪ್‌ಟಾಪೋ ಮೇಜಿನ ಮೇಲಿಡುವ ಡೆಸ್ಕ್‌ಟಾಪೋ ಎಂಬುದನ್ನಷ್ಟೇ ಈ ಲೇಖನದಲ್ಲಿ ವಿಚಾರ ಮಾಡೋಣ.

ಅಂಗಡಿಗೆ ಹೋದರೆ ಈ ವಿಚಾರಕ್ಕೆ ಆಸ್ಪದವೇ ಇರುವುದಿಲ್ಲ. "ಸ್ಟೂಡೆಂಟಾ? ಲ್ಯಾಪ್‌ಟಾಪ್ ತಗೊಳ್ಳಿ" ಎಂದು ಎದುರಿನವರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಪಟ್ಟಣದ ಮನೆಗಳಲ್ಲಾದರೆ ಓದಿದ ಅಣ್ಣನೋ ಚಿಕ್ಕಪ್ಪನೋ ಜೊತೆಗಿದ್ದು ನಾಲ್ಕು ಪ್ರಶ್ನೆ ಕೇಳುತ್ತಾರೆ. ನಮ್ಮ ಮನೆಯಲ್ಲಿ ಪದವಿಯ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನಮ್ಮ ಕಾಲೇಜಿನ ಬಹುಮಂದಿಯ ಸ್ಥಿತಿಯೂ ಹೀಗೆಯೇ. ಹೊಸ ಲ್ಯಾಪ್‌ಟಾಪಿಗೆ ಬೇಕಾಗತಕ್ಕ ಮೂವತ್ತೈದು ನಲವತ್ತು ಸಾವಿರ ರೂಪಾಯಿ ಎಂದರೆ ನಮ್ಮಂಥ ಮನೆಗಳಲ್ಲಿ ಒಂದು ಹಸು, ಇಲ್ಲವೆ ಕಬ್ಬಿನ ಹಣದಲ್ಲಿ ದೊಡ್ಡ ಪಾಲು, ಇಲ್ಲವೆ ಎರಡು ವರ್ಷ ವಾರವಾರವೂ ತೀರಿಸುವ ಸಂಘದ ಸಾಲ. ಅಂಥ ಹಣವನ್ನು ಒಂದೇ ಮಾತಿನ ಮೇಲೆ ಕೊಟ್ಟು ಬರುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಮೊದಲು ಸ್ವಲ್ಪ ಹಿಂದಿನ ಕಥೆ. ಭಾರತದಲ್ಲಿ ಮೊದಲ ಗಣಕಗಳು ಕೆಲಸ ಮಾಡತೊಡಗಿದಾಗ, ಎಂದರೆ 1956ರ ಸುಮಾರಿನಲ್ಲಿ ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ, ಆ ಯಂತ್ರಕ್ಕೆ ಕೋಣೆಯನ್ನೇ ಬಿಟ್ಟುಕೊಡಬೇಕಾಗಿತ್ತು. 1981ರಲ್ಲಿ ಐ.ಬಿ.ಎಂ. ಸಂಸ್ಥೆಯ ಪಿ.ಸಿ. ಬಂದು ಮೇಜಿನ ಯಂತ್ರಕ್ಕೆ ಒಂದು ಮಾದರಿ ಹಾಕಿಕೊಟ್ಟಿತು. ಅದೇ 1981ರಲ್ಲಿಯೇ ಆಸ್ಬೋರ್ನ್ 1 ಎಂಬ ಹೊತ್ತೊಯ್ಯಬಹುದಾದ ಯಂತ್ರವೂ ಮಾರಾಟಕ್ಕೆ ಬಂದಿತು. ಹೊತ್ತೊಯ್ಯಬಹುದಾದದ್ದು ಎಂದರೂ ಅದರ ತೂಕ ಸುಮಾರು ಹನ್ನೊಂದು ಕಿಲೋ. ಪರದೆ ಐದೇ ಅಂಗುಲ. ಒಳಗೆ ಬ್ಯಾಟರಿಯೂ ಇರಲಿಲ್ಲ. ಬೆಲೆ 1795 ಡಾಲರು. ಅದನ್ನು ತಯಾರಿಸಿದ ಆಡಂ ಆಸ್ಬೋರ್ನ್ ಬಾಲ್ಯವನ್ನು ಕಳೆದದ್ದು ನಮ್ಮ ನೆರೆಯ ತಮಿಳುನಾಡಿನಲ್ಲಿ, 2003ರಲ್ಲಿ ತೀರಿಕೊಂಡದ್ದೂ ಅಲ್ಲಿಯ ಕೊಡೈಕನಾಲಿನಲ್ಲಿಯೇ ಎಂಬುದು ನಮ್ಮಲ್ಲಿ ಹೆಚ್ಚು ಮಂದಿಗೆ ತಿಳಿಯದ ಸಂಗತಿ. ಹನ್ನೊಂದು ಕಿಲೋ ಈಗ ಒಂದೂವರೆ ಕಿಲೋಗೆ ಇಳಿದಿದೆ. ಆದರೆ ಹೊತ್ತೊಯ್ಯುವ ಅನುಕೂಲಕ್ಕಾಗಿ ಏನನ್ನಾದರೂ ಬಿಟ್ಟುಕೊಡಬೇಕೆಂಬ ನಿಯಮ ಅಂದಿನಂತೆ ಇಂದೂ ಉಳಿದಿದೆ.

ಏನನ್ನು ಬಿಟ್ಟುಕೊಡುತ್ತೇವೆ? ಎರಡು ಯಂತ್ರಗಳ ಒಳಗೂ ಇರುವ ಅಂಗಗಳು ಒಂದೇ. ಲೆಕ್ಕ ಹಾಕುವ ಪ್ರೊಸೆಸರು, ಕೆಲಸದ ಹೊತ್ತಿಗೆ ವಿಷಯವನ್ನು ಹಿಡಿದಿಟ್ಟುಕೊಳ್ಳುವ ರ‍್ಯಾಮು, ಕಾಯಮ್ಮಾಗಿ ಉಳಿಸುವ ಹಾರ್ಡ್ ಡಿಸ್ಕು ಅಥವಾ ಎಸ್.ಎಸ್.ಡಿ. ಭೇದವಿರುವುದು ಕಾವಿನಲ್ಲಿ. ಪ್ರೊಸೆಸರು ದುಡಿದಷ್ಟೂ ಬಿಸಿಯಾಗುತ್ತದೆ. ಡೆಸ್ಕ್‌ಟಾಪಿನ ಡಬ್ಬಿಯೊಳಗೆ (ಇದನ್ನೇ ನಾವೆಲ್ಲ ರೂಢಿಯಲ್ಲಿ ಸಿ.ಪಿ.ಯು. ಎನ್ನುತ್ತೇವೆ) ಗಾಳಿಯಾಡುವುದಕ್ಕೆ ಜಾಗವುಂಟು, ದೊಡ್ಡ ಫ್ಯಾನುಂಟು, ಆದುದರಿಂದ ಅಲ್ಲಿನ ಪ್ರೊಸೆಸರಿಗೆ 65 ವ್ಯಾಟಿನವರೆಗೆ ದುಡಿಯುವ ಸ್ವಾತಂತ್ರ್ಯವಿರುತ್ತದೆ. ತೆಳ್ಳಗಿನ ಲ್ಯಾಪ್‌ಟಾಪಿನಲ್ಲಿ ಅದೇ ಹೆಸರಿನ ಪ್ರೊಸೆಸರನ್ನು ಸಾಮಾನ್ಯವಾಗಿ 15 ವ್ಯಾಟಿನ ಆಸುಪಾಸಿನಲ್ಲಿ ಕಟ್ಟಿಹಾಕಿರುತ್ತಾರೆ. ಎರಡರ ಮೇಲೂ ಒಂದೇ ಸ್ಟಿಕ್ಕರು ಅಂಟಿಸಿದ್ದರೂ ಶಕ್ತಿ ಒಂದೇ ಅಲ್ಲ. ಹೆಸರಿಗೆ ಮಡಿಲಿನ ಯಂತ್ರವಾದರೂ ಲ್ಯಾಪ್‌ಟಾಪನ್ನು ಹಾಸಿಗೆ, ದಿಂಬು, ಮಡಿಲುಗಳ ಮೇಲಿಟ್ಟರೆ ಕೆಳಗಿನ ಗಾಳಿಗಂಡಿಗಳು ಮುಚ್ಚಿಹೋಗಿ ಅದು ಇನ್ನೂ ನಿಧಾನವಾಗುತ್ತದೆ. ತೊಡೆ ಬಿಸಿಯಾಗುವುದು ಬೇರೆ.

ನಿಜವನ್ನು ಹೇಳಬೇಕಾದರೆ ಬಿ.ಎ. ವಿದ್ಯಾರ್ಥಿಗೆ ಈ ಶಕ್ತಿಭೇದ ಅಷ್ಟಾಗಿ ತಾಗುವುದಿಲ್ಲ. ನಾವು ಟೈಪು ಮಾಡುತ್ತೇವೆ, ಓದುತ್ತೇವೆ, ಪಾಠದ ವಿಡಿಯೋ ನೋಡುತ್ತೇವೆ. ಇದಕ್ಕೆ 8 ಜಿ.ಬಿ. ರ‍್ಯಾಮು, 256 ಜಿ.ಬಿ. ಎಸ್.ಎಸ್.ಡಿ. ಇದ್ದರೆ ಎರಡೂ ಸಾಕು. ಎಸ್.ಎಸ್.ಡಿ. ಮಾತ್ರ ಇರಲೇಬೇಕು. ಹಳೆಯ ತಿರುಗುವ ಹಾರ್ಡ್ ಡಿಸ್ಕಿನ ಯಂತ್ರವನ್ನು ಹೊತ್ತಿಸಿ ಕಾಯುವಷ್ಟು ಹೊತ್ತಿನಲ್ಲಿ ಒಂದು ಲೋಟ ಕಾಫಿ ಕುಡಿದು ಬರಬಹುದು.

ನಮಗೆ ತಾಗತಕ್ಕ ಭೇದಗಳು ಬೇರೆ. ಅವುಗಳಲ್ಲಿ ದೊಡ್ಡದೆಂದು ನಾನು ಎಣಿಸುವುದು ಪರದೆ. ಚರಿತ್ರೆಯ ವಿದ್ಯಾರ್ಥಿನಿಯಾದ್ದರಿಂದ ನನ್ನ ಉದಾಹರಣೆಯೂ ಅಲ್ಲಿಯದೇ. ನಮ್ಮ ಭಾಗದ ಶಾಸನಗಳನ್ನು ಬಿ. ಎಲ್. ರೈಸ್ ಅವರು 1886ರಿಂದ ಮುಂದಕ್ಕೆ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಪ್ರಕಟಿಸಿದರು. ನಮ್ಮ ಗ್ರಂಥಾಲಯದಲ್ಲಿ ಎಲ್ಲ ಸಂಪುಟಗಳೂ ಇಲ್ಲ. ಅಂತರಜಾಲದಲ್ಲಿ ಪುಟಪುಟದ ಚಿತ್ರಗಳಾಗಿ ಉಚಿತವಾಗಿ ದೊರೆಯುತ್ತವೆ. ಆ ಸಂಪುಟಗಳ ಕ್ರಮವೇನೆಂದರೆ ಕನ್ನಡ ಲಿಪಿಯ ಪಾಠ ಒಂದು ಭಾಗದಲ್ಲಿ, ರೋಮನ್ ಲಿಪಿಯ ಪಾಠ ಇನ್ನೊಂದು ಭಾಗದಲ್ಲಿ, ಇಂಗ್ಲಿಷ್ ಅನುವಾದ ಮತ್ತೊಂದು ಭಾಗದಲ್ಲಿ. ಒಂದು ವೀರಗಲ್ಲಿನ ಆರು ಸಾಲು ಅರ್ಥವಾಗಬೇಕಾದರೆ ಎರಡು ಪುಟಗಳನ್ನು ಏಕಕಾಲದಲ್ಲಿ ತೆರೆದಿಡಬೇಕು, ಪಕ್ಕದಲ್ಲಿ ಟಿಪ್ಪಣಿ ಬರೆಯಬೇಕು. ಮೊಬೈಲಿನಲ್ಲಿ ಇದು ಸಾಧ್ಯವೇ ಇಲ್ಲ. 14 ಅಂಗುಲದ ಲ್ಯಾಪ್‌ಟಾಪಿನಲ್ಲಿ ಕಣ್ಣು ಕಿರಿದು ಮಾಡಿ ಹೇಗೋ ಮಾಡಬಹುದು. 22 ಅಂಗುಲದ ಮಾನಿಟರಿನಲ್ಲಿ ಎರಡು ಪುಟಗಳೂ ಪುಸ್ತಕದಂತೆ ಅಗಲವಾಗಿ ಕಾಣುತ್ತವೆ. ಸವೆದ ಅಕ್ಷರವನ್ನು ಹಿಗ್ಗಿಸಿ ನೋಡುವುದಕ್ಕೂ ಎಡೆಯುಂಟು. ನನ್ನ ಪ್ರಾಜೆಕ್ಟಿನ ಕೆಲಸವೆಲ್ಲ ನಡೆದದ್ದು ಹೀಗೆಯೇ.

ಕತ್ತಿನ ಮಾತೂ ಇದಕ್ಕೆ ಸೇರಿದ್ದು. ಲ್ಯಾಪ್‌ಟಾಪಿನಲ್ಲಿ ಪರದೆಯೂ ಕೀಬೋರ್ಡೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಕೈಗೆ ಸರಿಯಾದ ಎತ್ತರದಲ್ಲಿಟ್ಟರೆ ಕತ್ತು ಬಗ್ಗುತ್ತದೆ, ಕಣ್ಣಿಗೆ ಸರಿಯಾದ ಎತ್ತರದಲ್ಲಿಟ್ಟರೆ ಭುಜ ನೋಯುತ್ತದೆ. ಇದಕ್ಕೆ ಪರಿಹಾರವುಂಟು: ಲ್ಯಾಪ್‌ಟಾಪನ್ನು ನಾಲ್ಕು ದಪ್ಪ ಪುಸ್ತಕಗಳ ಮೇಲೇರಿಸಿ ಬೇರೆ ಕೀಬೋರ್ಡು, ಮೌಸು ಸೇರಿಸುವುದು. ಎರಡೂ ಸೇರಿ ಸಾವಿರ ರೂಪಾಯಿಯೊಳಗೆ ಸಿಗುತ್ತವೆ. ಆದರೆ ಹೀಗೆ ಮಾಡಿದ ಮೇಲೆ ಅದೂ ಮೇಜಿನ ಯಂತ್ರವೇ ಆಯಿತಲ್ಲವೆ?

ಕನ್ನಡದಲ್ಲಿ ಟೈಪು ಮಾಡುವವರಿಗೆ ಒಂದು ಮಾತು. ನುಡಿ ತಂತ್ರಾಂಶ ಎರಡರಲ್ಲಿಯೂ ಒಂದೇ ರೀತಿ ನಡೆಯುತ್ತದೆ. ಅದರ ಕ-ಗ-ಪ ವಿನ್ಯಾಸವನ್ನು ಒಮ್ಮೆ ಬೆರಳು ಕಲಿತರೆ ಮತ್ತೆ ಮರೆಯದು. ಆದರೆ ಕಲಿಯುವ ದಿನಗಳಲ್ಲಿ ಪೂರ್ತಿ ಗಾತ್ರದ ಕೀಬೋರ್ಡಿನಷ್ಟು ಹಿತ ಲ್ಯಾಪ್‌ಟಾಪಿನ ಚಪ್ಪಟೆ ಕೀಲಿಗಳಲ್ಲಿಲ್ಲ. ಮುಂದೆ ಬ್ಯಾಂಕು, ಸ್ಟಾಫ್ ಸೆಲೆಕ್ಷನ್ ಕಮಿಷನ್ ಮುಂತಾದ ಪರೀಕ್ಷೆಗಳಿಗೆ ಕೂರಬೇಕೆನ್ನುವವರು ಅವುಗಳೂ ಗಣಕದ ಮುಂದೆ ಮೌಸು ಹಿಡಿದು ಬರೆಯುವ ಪರೀಕ್ಷೆಗಳೆಂಬುದನ್ನು ನೆನಪಿಡಬೇಕು. ಯಾವ ಯಂತ್ರವಾದರೂ ಸರಿಯೆ, ಯೂನಿಕೋಡಿನಲ್ಲಿಯೇ ಟೈಪು ಮಾಡಿರಿ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಕಡತವನ್ನು ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಕಾಣಿಸಿಕೊಳ್ಳುತ್ತದೆ. ಸೆಮಿನಾರಿನ ದಿನ ಬೆಳಗ್ಗೆ ಪೆನ್ ಡ್ರೈವ್ ಹಾಕಿದಾಗ ಇಂಥ ದೃಶ್ಯ ಕಂಡು ಬೆವರಿದವರನ್ನು ಪ್ರತಿ ವರ್ಷವೂ ನೋಡುತ್ತಿದ್ದೇವೆ.

ಇಷ್ಟರವರೆಗೆ ಓದಿದವರು ಈ ಲೇಖಕಿ ಡೆಸ್ಕ್‌ಟಾಪಿನ ವಕಾಲತ್ತು ಹಿಡಿದಿದ್ದಾಳೆಂದು ತಿಳಿದಾರು. ಇನ್ನು ವಿದ್ಯುತ್ತಿನ ವಿಚಾರಕ್ಕೆ ಬರೋಣ. ಕರೆಂಟು ಹೋದ ಕ್ಷಣವೇ ಡೆಸ್ಕ್‌ಟಾಪ್ ಸತ್ತಂತೆ. ಸೇವ್ ಮಾಡದ ಬರಹವೂ ಅದರ ಜೊತೆಯಲ್ಲಿಯೇ ಹೋಗುತ್ತದೆ. ಯು.ಪಿ.ಎಸ್. ಇಟ್ಟುಕೊಂಡರೆ ಹತ್ತು ಹದಿನೈದು ನಿಮಿಷ ಸಿಗುತ್ತದೆ; ಅದು ಬರೆದದ್ದನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ಆರಿಸುವುದಕ್ಕೇ ಹೊರತು ಕೆಲಸ ಮುಂದುವರಿಸುವುದಕ್ಕಲ್ಲ. ಯು.ಪಿ.ಎಸ್. ಇಲ್ಲದೆ ಡೆಸ್ಕ್‌ಟಾಪ್ ಕೊಳ್ಳುವುದು ಕೊಡೆಯಿಲ್ಲದೆ ಆಷಾಢದಲ್ಲಿ ಮಲೆನಾಡಿಗೆ ಹೊರಟಂತೆ. ಲ್ಯಾಪ್‌ಟಾಪಾದರೋ ತನ್ನ ಬ್ಯಾಟರಿಯ ಮೇಲೆ ಮೂರು ನಾಲ್ಕು ಗಂಟೆ ನಡೆಯುತ್ತದೆ. ಊರೊಳಗಿನ ಮನೆಗಳಿಗೆ ಈಗ ವಿದ್ಯುತ್ತು ಎಷ್ಟೋ ವಾಸಿ. ಆದರೆ ಪಂಪ್‌ಸೆಟ್ಟಿನ ಲೈನಿನ ಮೇಲಿರುವ ತೋಟದ ಮನೆಗಳಲ್ಲಿ ಯಾವಾಗ ಬರುತ್ತದೆ, ಬಂದರೆ ಎಷ್ಟು ವೋಲ್ಟೇಜಿನಲ್ಲಿ ಬರುತ್ತದೆ ಎಂದು ಹೇಳಬರುವುದಿಲ್ಲ. ಅಂಥ ಮನೆಯಿಂದ ಬರುವವರು ಬೇರೆ ಯಾವ ವಾದಕ್ಕೂ ಕಿವಿಗೊಡದೆ ಲ್ಯಾಪ್‌ಟಾಪನ್ನೇ ಕೊಳ್ಳಬೇಕು.

ಬಿಲ್ಲಿನ ಲೆಕ್ಕವನ್ನೂ ಹಾಕಿ ನೋಡಬಹುದು. ಮಾನಿಟರು ಸೇರಿ ಸಾಧಾರಣ ಡೆಸ್ಕ್‌ಟಾಪೊಂದು 100 ವ್ಯಾಟ್ ಎಳೆಯುತ್ತದೆಂದು ಇಟ್ಟುಕೊಂಡರೆ, ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳಿಗೆ 12 ಯೂನಿಟ್ ಆಯಿತು. ಲ್ಯಾಪ್‌ಟಾಪಿಗೆ 30 ವ್ಯಾಟಿನಂತೆ ಮೂರೂವರೆ ಯೂನಿಟ್. ವ್ಯತ್ಯಾಸ ಅಲ್ಪವೆಂದು ತೋರಬಹುದು. ಆದರೆ 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ಎಂಬುದು ಮೇಲಿನ ಮಿತಿ ಮಾತ್ರ. ಪ್ರತಿ ಮನೆಗೂ ಉಚಿತವಾಗಿ ಸಲ್ಲುವುದು ಅದರ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಹೆಚ್ಚು ಸೇರಿಸಿದಷ್ಟು. ತಿಂಗಳಿಗೆ ಐವತ್ತು ಯೂನಿಟ್ ಸುಡುತ್ತಿದ್ದ ಮನೆಗೆ ಹನ್ನೆರಡು ಯೂನಿಟ್ ಹೊಸದಾಗಿ ಬಂದರೆ, ಸೊನ್ನೆಯಾಗಿದ್ದ ಬಿಲ್ಲಿನಲ್ಲಿ ಒಂದಷ್ಟು ಅಂಕಿ ಕಾಣಿಸಿಕೊಳ್ಳುತ್ತದೆ. ಹಣ ಹೆಚ್ಚಲ್ಲ. ಆದರೂ "ಇದು ಆ ಕಂಪ್ಯೂಟರಿನ ಕೆಲಸ" ಎಂದು ಮನೆಯಲ್ಲಿ ತಿಂಗಳು ತಿಂಗಳೂ ಮಾತು ಕೇಳುವ ಮೊದಲು ಲೆಕ್ಕವನ್ನು ಮುಂದಾಗಿಯೇ ತಿಳಿಸಿಬಿಡುವುದು ಒಳ್ಳೆಯದು.

ಆದರೆ ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ನೀವು ರಾತ್ರಿ ಮಲಗುವುದೆಲ್ಲಿ ಎಂಬುದು. ವಿದ್ಯಾರ್ಥಿನಿಲಯದಲ್ಲಿರುವವರಿಗೆ ಒಂದು ಮಂಚ, ಒಂದು ಟ್ರಂಕು, ನಾಲ್ವರಿಗೆ ಸೇರಿದ ಎರಡು ಪ್ಲಗ್ಗು. ಅಲ್ಲಿ ಡೆಸ್ಕ್‌ಟಾಪಿನ ಮಾತೆತ್ತುವುದೇ ಹಾಸ್ಯಾಸ್ಪದ. ಊಟದ ಹಾಲಿನಲ್ಲಿಯೋ ಗ್ರಂಥಾಲಯದಲ್ಲಿಯೋ ಕುಳಿತು ಕೆಲಸ ಮಾಡಿ, ಮರಳಿ ಬಂದು ಟ್ರಂಕಿನಲ್ಲಿಟ್ಟು ಬೀಗ ಹಾಕುವಂಥದು ಅವರಿಗೆ ಬೇಕು. ರಜೆ ಬಂದರೆ ಜೊತೆಯಲ್ಲಿಯೇ ಊರಿಗೆ ಹೋಗುವಂಥದು ಬೇಕು.

ನನ್ನಂತೆ ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುವವರ ಸಂಗತಿ ಬೇರೆ. 2023ರ ಜೂನಿನಿಂದ ಹೆಂಗಸರಿಗೆ ಬಸ್ಸಿನ ಟಿಕೆಟ್ಟಿನ ಹಣ ಉಳಿದಿರುವುದು ನಿಜ. ಬಸ್ಸಿನಲ್ಲಿ ಕಾಲಿಡಲು ಸ್ಥಳ ಉಳಿದಿಲ್ಲವೆಂಬುದೂ ಅಷ್ಟೇ ನಿಜ. ಬೆಳಗಿನ ಬಸ್ಸಿನಲ್ಲಿ ಲ್ಯಾಪ್‌ಟಾಪಿನ ಚೀಲವನ್ನು ಎದೆಗವಚಿಕೊಂಡು ಒಂದು ಗಂಟೆ ನಿಂತು ಬರುವುದು, ತರಗತಿಯಲ್ಲಿ ಅದನ್ನು ಒಮ್ಮೆಯೂ ತೆರೆಯದೆ ಮರಳಿ ಹೊತ್ತೊಯ್ಯುವುದು: ನನ್ನ ಗೆಳತಿಯರಲ್ಲಿ ಇಬ್ಬರು ಮೂವರು ಹೀಗೆ ಒಂದು ತಿಂಗಳು ಮಾಡಿ ಆಮೇಲೆ ಮನೆಯಲ್ಲಿಯೇ ಬಿಟ್ಟು ಬರತೊಡಗಿದರು. ನಮ್ಮ ತರಗತಿಗಳಲ್ಲಿ ಇಂದಿಗೂ ನೋಟು ಬರೆಯುವುದು ನೋಟುಪುಸ್ತಕದಲ್ಲಿಯೇ. ಮನೆಯಲ್ಲಿಯೇ ಇರತಕ್ಕ ಯಂತ್ರಕ್ಕೆ ಹೊತ್ತೊಯ್ಯುವ ಗುಣದ ಬೆಲೆಯನ್ನು ಏಕೆ ತೆರಬೇಕು?

ನಮ್ಮ ಮನೆಯಲ್ಲಿ ಈ ಚರ್ಚೆ ನಡೆದಾಗ ನನಗೆ ಲ್ಯಾಪ್‌ಟಾಪಿನ ಮೇಲೆ ಆಸೆಯಿತ್ತು. ಸಂಘದಿಂದ ಸಾಲ ತೆಗೆಯಬೇಕಾಗಿದ್ದವಳು ಅವ್ವ. ಅವಳು ಯಂತ್ರದ ವಿಷಯ ಏನೂ ತಿಳಿಯದವಳಾದರೂ ಕೇಳಿದ ಪ್ರಶ್ನೆ ಅಂಗಡಿಯವರು ಕೇಳದಿದ್ದದ್ದು: "ನೀನು ಓದು ಮುಗ್ಸಿ ಹೊಂಟೋದ್ಮೇಲೆ ಇವೆರಡಕ್ಕೂ ಏನೈತೆ ಕಣವ್ವ? ಮೂರು ಜನನೂ ಮುಟ್ಟೋ ಹಂಗಿರೋದು ತಕೊ." ಇವೆರಡು ಎಂದರೆ ಪ್ರೌಢಶಾಲೆಯಲ್ಲಿದ್ದ ತಂಗಿ, ಏಳನೆಯ ತರಗತಿಯಲ್ಲಿದ್ದ ತಮ್ಮ. ಕೊನೆಗೆ ಹದಿನಾಲ್ಕು ಸಾವಿರಕ್ಕೆ ಕಚೇರಿಯೊಂದರಲ್ಲಿ ಬಳಸಿಬಿಟ್ಟ ಡೆಸ್ಕ್‌ಟಾಪ್, ಮಾನಿಟರು, ಯು.ಪಿ.ಎಸ್. ಮೂರೂ ಬಂದವು. ಹಾಲಿನ ಮೂಲೆಯಲ್ಲಿ ಹೊಲಿಗೆ ಯಂತ್ರದ ಪಕ್ಕ ಅದಕ್ಕೆ ಸ್ಥಾನವಾಯಿತು.

ಲ್ಯಾಪ್‌ಟಾಪ್ ಒಬ್ಬರ ಸ್ವತ್ತು. ಡೆಸ್ಕ್‌ಟಾಪ್ ಮನೆಯ ಸ್ವತ್ತು. ಇದನ್ನು ನಾನು ಸುತ್ತಮುತ್ತ ನೋಡಿ ಹೇಳುತ್ತಿದ್ದೇನೆ. ನಮ್ಮ ಊರಿನಲ್ಲಿ ಲ್ಯಾಪ್‌ಟಾಪ್ ಕೊಂಡ ಮನೆಗಳಲ್ಲಿ ಅದು ಹಿರಿಯ ಮಗನ ಜೊತೆ ಮೈಸೂರಿಗೋ ಬೆಂಗಳೂರಿಗೋ ಹೋಯಿತು. ಸಾಲದ ಕಂತು ಮಾತ್ರ ಊರಿನಲ್ಲಿ ಉಳಿಯಿತು. ತಂಗಿಯರ ಕೈಗೆ ಅದು ಹಬ್ಬಕ್ಕೊಮ್ಮೆ ಬಂದರೆ ಹೆಚ್ಚು. ಮೂಲೆಯಲ್ಲಿ ಅಲ್ಲಾಡದೆ ಕುಳಿತ ಯಂತ್ರವನ್ನು ಯಾರೂ ಚೀಲಕ್ಕೆ ಹಾಕಿಕೊಂಡು ಹೋಗಲಾರರು. ನನ್ನ ತಂಗಿ ಕ-ಗ-ಪ ಕಲಿತದ್ದು ನಾನು ಬಸ್ಸಿನಲ್ಲಿರುವ ಹೊತ್ತಿನಲ್ಲಿ. ಈಗ ಊರಿನ ಹಾಲಿನ ಡೈರಿಯ ನೋಟೀಸುಗಳನ್ನು ಟೈಪು ಮಾಡಿಕೊಡುವವಳು ಅವಳೇ. ಕೆಲವು ಅಧ್ಯಾಪಕರಿಗೆ ಈ ವಾದ ಅರ್ಥಶಾಸ್ತ್ರಕ್ಕಿಂತ ಕುಟುಂಬಶಾಸ್ತ್ರಕ್ಕೆ ಹತ್ತಿರವೆಂದು ತೋರಬಹುದು. ಇರಲಿ, ಕೊಳ್ಳುವ ಹಣ ಕುಟುಂಬದ್ದೇ ತಾನೆ.

ರಿಪೇರಿಯ ವಿಚಾರದಲ್ಲಿ ಡೆಸ್ಕ್‌ಟಾಪಿಗೆ ಸಮನಿಲ್ಲ. ಅದರ ಬಿಡಿಭಾಗಗಳು ಬಹುಮಟ್ಟಿಗೆ ಒಂದೇ ಅಳತೆಯವು, ಎಸ್.ಎಂ.ಪಿ.ಎಸ್. ಸುಟ್ಟರೆ ಅದೊಂದನ್ನೇ ಬದಲಾಯಿಸಬಹುದು, ಕೀಬೋರ್ಡಿಗೆ ಕಾಫಿ ಚೆಲ್ಲಿದರೆ ನಾನೂರು ರೂಪಾಯಿಗೆ ಹೊಸದು ಬರುತ್ತದೆ. (ದೊಡ್ಡ ಕಂಪನಿಗಳ ಪುಟ್ಟ ಡಬ್ಬಿಗಳಲ್ಲಿ ಎಸ್.ಎಂ.ಪಿ.ಎಸ್. ಬೇರೆ ಆಕಾರದ್ದಾಗಿರುತ್ತದೆ, ಕೊಳ್ಳುವಾಗಲೇ ಕೇಳಿಕೊಳ್ಳಬೇಕು.) ಲ್ಯಾಪ್‌ಟಾಪಿಗೆ ಅದೇ ಕಾಫಿ ಚೆಲ್ಲಿದರೆ ಒಳಗಿನ ಬೋರ್ಡಿಗೇ ಅಪಾಯ. ತೆಳ್ಳಗಿನ ಕೆಲವು ಮಾದರಿಗಳಲ್ಲಿ ರ‍್ಯಾಮನ್ನು ಬೋರ್ಡಿಗೆ ಬೆಸೆದೇಬಿಟ್ಟಿರುತ್ತಾರೆ, ಮುಂದೆ ಹೆಚ್ಚಿಸುವ ಮಾತಿಲ್ಲ. ಬ್ಯಾಟರಿ ಮುನ್ನೂರರಿಂದ ಐನೂರು ಬಾರಿ ಪೂರ್ತಿ ತುಂಬಿ ಬರಿದಾಗುವ ಹೊತ್ತಿಗೆ ಸೊರಗತೊಡಗುತ್ತದೆ. ಮೂರು ವರ್ಷದ ಪದವಿ ಮುಗಿಯುವಾಗ ಅದಕ್ಕೆ ಎರಡು ಮೂರು ಸಾವಿರ ರೂಪಾಯಿ ತೆಗೆದಿಡಬೇಕು.

ಹೊಸದನ್ನು ಕೊಳ್ಳಲಾರದವರಿಗೆ, ಎಂದರೆ ನಮ್ಮಲ್ಲಿ ಬಹುಮಂದಿಗೆ, ಕಚೇರಿಗಳಲ್ಲಿ ಮೂರು ನಾಲ್ಕು ವರ್ಷ ಬಳಸಿಬಿಟ್ಟ ಯಂತ್ರಗಳೇ ಗತಿ. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಎಂದರೆ ಎಸ್.ಪಿ. ರೋಡು, ಇದಕ್ಕೆ ಹೆಸರಾದದ್ದು. ಜಿಲ್ಲಾಕೇಂದ್ರಗಳಲ್ಲಿಯೂ ಈಗ ಇಂಥ ಅಂಗಡಿಗಳುಂಟು. ಇಲ್ಲಿ ಒಂದು ಸಂಗತಿಯನ್ನು ಅವಶ್ಯವಾಗಿ ತಿಳಿದಿರಬೇಕು. ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ವಿಂಡೋಸ್ 11 ಅಧಿಕೃತವಾಗಿ ನಡೆಯಬೇಕಾದರೆ ಇಂಟೆಲ್ ಪ್ರೊಸೆಸರು ಎಂಟನೆಯ ತಲೆಮಾರಿನದೋ ಅದಕ್ಕಿಂತ ಈಚಿನದೋ ಆಗಿರಬೇಕು. ಆದುದರಿಂದ ಆರು, ಏಳನೆಯ ತಲೆಮಾರಿನ ಯಂತ್ರಗಳು ಈಗ ಅಗ್ಗವಾಗಿ ಅಂಗಡಿಗಳಲ್ಲಿ ರಾಶಿ ಬಿದ್ದಿವೆ. "ಐ5 ಇದೆ" ಎಂದಷ್ಟೇ ಹೇಳಿದರೆ ಒಪ್ಪಬೇಡಿರಿ. ಐ5ರ ಮುಂದಿನ ಗೆರೆಯಾದ ಮೇಲೆ ಬರುವ ಸಂಖ್ಯೆ 8250 ಎಂದಿದ್ದರೆ ಎಂಟನೆಯ ತಲೆಮಾರು, 6200 ಎಂದಿದ್ದರೆ ಆರನೆಯದು. ಹಳೆಯದನ್ನೇ ಕೊಳ್ಳಬೇಕಾದ ಪ್ರಸಂಗ ಬಂದರೆ ಅದರಲ್ಲಿ ಉಬುಂಟು ಮುಂತಾದ ಲಿನಕ್ಸ್ ಹಾಕಿಸಿಕೊಳ್ಳಬಹುದು. ಹಣ ಕೊಡಬೇಕಾಗಿಲ್ಲ, ಕ-ಗ-ಪ ಕೀಬೋರ್ಡು ಅದರಲ್ಲಿಯೇ ಇದೆ, ಲಿಬ್ರೆ ಆಫೀಸಿನಲ್ಲಿ ನಮ್ಮ ವರದಿಗಳೆಲ್ಲ ಆಗುತ್ತವೆ. ನುಡಿ ಮಾತ್ರ ವಿಂಡೋಸಿಗಾಗಿ ಮಾಡಿದ ತಂತ್ರಾಂಶ.

ಬಳಸಿದ ಲ್ಯಾಪ್‌ಟಾಪ್ ಕೊಳ್ಳುವವರು ಅಂಗಡಿಯಲ್ಲಿಯೇ ಅರ್ಧ ಗಂಟೆ ಕುಳಿತು ಪರೀಕ್ಷಿಸಬೇಕು. ಪ್ರತಿಯೊಂದು ಕೀಲಿಯನ್ನೂ ಒತ್ತಿ ನೋಡಿರಿ. ಪರದೆಯನ್ನು ನಾಲ್ಕು ಸಲ ತೆರೆದು ಮುಚ್ಚಿ ಕೀಲು ಸಡಿಲವಾಗಿದೆಯೇ ನೋಡಿರಿ. ವಿಂಡೋಸಿನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಯುವ ಆಜ್ಞೆಯೊಂದಿದೆ. ತಯಾರಾದಾಗ ಬ್ಯಾಟರಿಗಿದ್ದ ಶಕ್ತಿ ಎಷ್ಟು, ಈಗ ತುಂಬುವುದು ಎಷ್ಟು ಎಂಬ ಎರಡು ಸಂಖ್ಯೆಗಳನ್ನು ಅದು ಅಕ್ಕಪಕ್ಕದಲ್ಲಿ ಕೊಡುತ್ತದೆ. ಎರಡನೆಯದು ಮೊದಲನೆಯದರ ಅರ್ಧಕ್ಕಿಳಿದಿದ್ದರೆ ಬೆಲೆಯಲ್ಲಿ ಹೊಸ ಬ್ಯಾಟರಿಯ ಹಣವನ್ನು ಕಳೆಯಿರೆಂದು ಧೈರ್ಯವಾಗಿ ಕೇಳಬಹುದು. ಮೊದಲು ಸ್ವಲ್ಪ ಸಂಕೋಚವಾಗುತ್ತದೆ. ಸಂತೆಯಲ್ಲಿ ಹಸುವಿನ ಹಲ್ಲು ಎಣಿಸದೆ ನಮ್ಮ ಹಿರಿಯರು ಎಂದಾದರೂ ಹಣ ಕೊಟ್ಟದ್ದುಂಟೆ?

ಡೆಸ್ಕ್‌ಟಾಪ್ ಕೊಳ್ಳುವವರು ಕೇಳಬೇಕಾದದ್ದು ಬೇರೆ. ಹಳೆಯ ಕಚೇರಿಯ ಯಂತ್ರಗಳಲ್ಲಿ ವೈಫೈ ಇರುವುದಿಲ್ಲ, ಕ್ಯಾಮರಾ ಇಲ್ಲ, ಮೈಕೂ ಇಲ್ಲ. ಮೊಬೈಲನ್ನು ಅದರ ಚಾರ್ಜರಿನ ತಂತಿಯಿಂದಲೇ ಯಂತ್ರಕ್ಕೆ ಜೋಡಿಸಿ ಟೆದರಿಂಗ್ ಎಂಬುದನ್ನು ಹಾಕಿದರೆ ಇಂಟರ್ನೆಟ್ ಬರುತ್ತದೆ, ಮೊಬೈಲಿನ ಬ್ಯಾಟರಿಯೂ ತುಂಬುತ್ತಿರುತ್ತದೆ. ಆನ್‌ಲೈನ್ ಸಂದರ್ಶನವೇನಾದರೂ ಬಂದರೆ ಮೊಬೈಲಿನಲ್ಲಿಯೇ ಮಾಡಬೇಕು, ಇಲ್ಲವೆ ಒಂದು ವೆಬ್‌ಕ್ಯಾಮ್ ಕೊಳ್ಳಬೇಕು. ಟ್ಯಾಬ್ಲೆಟ್ ಇದ್ದರೆ ಸಾಲದೆ ಎಂದು ಕೆಲವರು ಕೇಳುತ್ತಾರೆ. ಓದುವುದಕ್ಕೆ ಸಾಲುತ್ತದೆ, ಐವತ್ತು ಪುಟದ ವರದಿಯನ್ನು ಅದರ ಗಾಜಿನ ಮೇಲೆ ಕುಟ್ಟಿ ನೋಡಿದವರು ಮತ್ತೆ ಆ ಪ್ರಶ್ನೆ ಕೇಳುವುದಿಲ್ಲ. ಅಂಗಡಿಯಿಂದ ಹೊರಡುವ ಮುನ್ನ ಯಂತ್ರದ ಸೀರಿಯಲ್ ನಂಬರು ಬರೆದ ರಸೀತಿಯನ್ನೂ, ಎಷ್ಟು ತಿಂಗಳ ವಾರಂಟಿ ಎಂಬುದನ್ನು ಅದರ ಮೇಲೆಯೇ ಕೈಬರಹದಲ್ಲಿಯಾದರೂ ಇಸಿದುಕೊಳ್ಳಿರಿ. ಬಾಯಿಮಾತಿನ ವಾರಂಟಿ ಊರಿನ ಬಸ್ಸು ಹತ್ತುವವರೆಗೆ ಮಾತ್ರ.